ಮೊಬೈಲಿನ ಆಟವೂ ಗೃಹಸ್ಥರ ಕರ್ತವ್ಯವೂ

ಆಟವು ಬಾಲ್ಯದ ಸ್ವಭಾವಧರ್ಮವಾಗಿರುವುದು. ಆದರೆ ಹುಡುಗನು ಆಟವನ್ನಾಡುವುದು ಬೇರೆ, ಆಟವೇ ಹುಡುಗನನ್ನು ಆಡಿಸುವುದು ಬೇರೆ. ಮೊಬೈಲಿನ ಆಟಗಳಲ್ಲಿ ಮುಳುಗಿ ಊಟ, ನಿದ್ರೆ, ಪಾಠಗಳನ್ನು ಮರೆತ ಮಕ್ಕಳ ವಿಷಯದಲ್ಲಿ ಮನೆಯವರು ಮಾಡತಕ್ಕದ್ದೇನೆಂಬುದನ್ನು ನಮ್ಮ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಈ ಬಗೆಯ ವ್ಯಸನವು ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿ ಜೂಜುಗಾರನೊಬ್ಬನು ತನ್ನ ಪಾಡನ್ನು ಹೇಳಿಕೊಂಡಿದ್ದಾನೆ. ಇನ್ನು ಆಡೆನೆಂದು ನಿಶ್ಚಯಿಸಿದವನೇ ದಾಳಗಳ ಸದ್ದು ಕೇಳಿದೊಡನೆ ಅತ್ತ ಓಡುವನು. ಮನೆಯಲ್ಲಿ ತಾಯಿ ಕೊರಗುವಳು. ವಿಶ್ವ ಆರೋಗ್ಯ ಸಂಸ್ಥೆಯು 2022ನೆಯ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೆ ಹೇಳಿರುವ ಲಕ್ಷಣಗಳೂ ಇದಕ್ಕೆ ದೂರವಲ್ಲ: ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೇಡಾದರೂ ಬಿಡದಿರುವುದು. ಇವು ಸಾಮಾನ್ಯವಾಗಿ 12 ತಿಂಗಳಾದರೂ ಇದ್ದರೆ ಮಾತ್ರ ವೈದ್ಯರು ರೋಗವೆನ್ನುವರು. ಆದುದರಿಂದ ರಜೆಯಲ್ಲಿ ನಾಲ್ಕು ದಿನ ಹೆಚ್ಚಾಗಿ ಆಡಿದ ಹುಡುಗನನ್ನು ರೋಗಿಯೆಂದು ಕರೆಯುವುದು ಅನ್ಯಾಯವು.

ಫೋನನ್ನು ಕಸಿದುಕೊಂಡರೆ ಸಾಕೆಂಬುದು ಅನೇಕರ ಅಭಿಪ್ರಾಯ. ದಕ್ಷಿಣ ಕೊರಿಯಾ ದೇಶದವರು 2011ರಲ್ಲಿ, ಹದಿನಾರು ತುಂಬದ ಮಕ್ಕಳು ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಅಂತರ್ಜಾಲದ ಆಟಗಳನ್ನಾಡಕೂಡದೆಂದು ಕಟ್ಟಳೆ ಮಾಡಿದರು. ಮಕ್ಕಳು ಕಂಪ್ಯೂಟರನ್ನು ಬಿಟ್ಟು, ಆ ಕಟ್ಟಳೆಗೆ ಸಿಕ್ಕದ ಮೊಬೈಲಿನ ಆಟಗಳಿಗೆ ತಿರುಗಿದರು. 2022ರಿಂದ ಕಟ್ಟಳೆಯು ರದ್ದಾಯಿತು; ತಾಯ್ತಂದೆಗಳೂ ಮಕ್ಕಳೂ ತಾವೇ ಆಟದ ವೇಳೆಯನ್ನು ಗೊತ್ತುಪಡಿಸಿಕೊಳ್ಳುವ ಏರ್ಪಾಡು ಉಳಿಯಿತು. ರಾಜಾಜ್ಞೆಯಿಂದ ಆಗದುದು ತಂದೆಯ ಗದರಿಕೆಯೊಂದರಿಂದಲೇ ಆದೀತೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹವರಿಗಾಗಿಯೇ 2014ರಲ್ಲಿ ಒಂದು ಚಿಕಿತ್ಸಾಲಯವು ಆರಂಭವಾಯಿತು. ಈ ವ್ಯಸನಕ್ಕೆ ಆಪ್ತಸಲಹೆ ನೀಡುವವರು ಮೊದಲು ಉಪದೇಶಮಾಡುವುದಿಲ್ಲ, ಕೇಳುವರು. ಆಟದಿಂದ ನಿನಗೆ ದೊರೆಯುವುದೇನು? ಗೆಳೆಯರೆ, ಮರ್ಯಾದೆಯೆ, ಪರೀಕ್ಷೆಯ ಭಯದ ಮರೆವೆ? ಅದರಿಂದ ಕಳೆದುಕೊಂಡುದೇನು? ಬಿಡಬೇಕೆಂಬ ಕಾರಣವು ಹುಡುಗನ ಬಾಯಿಂದಲೇ ಹೊರಡುವಂತೆ ಮಾಡುವುದು ಅವರ ಕೌಶಲ. ಬಳಿಕ ಯಾವ ಹೊತ್ತಿನಲ್ಲಿ, ಯಾವ ಬೇಸರದಲ್ಲಿ ಕೈ ಫೋನಿನತ್ತ ಹೋಗುವುದೆಂಬುದನ್ನು ಅವನೇ ಬರೆದಿಡುವನು. ವೇಳೆಯನ್ನು ಮೆಲ್ಲಮೆಲ್ಲನೆ ಇಳಿಸುವರು. ಖಿನ್ನತೆಯೋ ಆತಂಕವೋ ಒಳಗೆ ಅಡಗಿದ್ದರೆ ಅದಕ್ಕೂ ಚಿಕಿತ್ಸೆಯಾಗಬೇಕು.

ಬಹುಕಾಲ ಉಪಾಧ್ಯಾಯರಾಗಿದ್ದ ನಮಗೆ ತಿಳಿದ ಮಾತೊಂದುಂಟು: ಮಕ್ಕಳು ನಾವು ಹೇಳಿದುದಕ್ಕಿಂತ ಮಾಡಿದುದನ್ನೇ ಬೇಗ ಕಲಿಯುವರು. ಊಟದ ಎಲೆಯ ಮುಂದೆ ತಂದೆಯೇ ಫೋನು ಹಿಡಿದು ಕುಳಿತರೆ ಮಗನಿಗೆ ಹೇಳುವ ಬಾಯಿ ಎಲ್ಲಿಯದು? ಊಟದ ಹೊತ್ತಿನಲ್ಲಿ ಯಾರ ಕೈಯಲ್ಲಿಯೂ ಫೋನು ಬೇಡ. ರಾತ್ರಿ ಎಲ್ಲರ ಫೋನುಗಳೂ ಮಲಗುವ ಕೋಣೆಯ ಹೊರಗಿರಲಿ. ನಿಯಮವು ಮನೆಗೆಲ್ಲ ಒಂದೇ ಆದರೆ ಹುಡುಗನಿಗೆ ಅದು ಶಿಕ್ಷೆಯೆನಿಸದು.

ಮಗನಾಗಲಿ ಮಗಳಾಗಲಿ ಸಾಯುವ ಮಾತನ್ನಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. 2022ರ ಅಕ್ಟೋಬರಿನಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು.

ಆ ವೇದಸೂಕ್ತವು ಜೂಜುಗಾರನಿಗೆ ಆಡಬೇಡವೆಂದಷ್ಟೇ ಹೇಳಿ ಸುಮ್ಮನಾಗಿಲ್ಲ. ಹೊಲವನ್ನು ಉಳೆಂದು ಕೆಲಸವನ್ನೂ ತೋರಿಸಿದೆ. ನಾವೂ ಮಕ್ಕಳ ಕೈಯಿಂದ ಒಂದನ್ನು ಬಿಡಿಸುವ ಮೊದಲು ಇನ್ನೊಂದನ್ನು ಕೊಡಲು ಸಿದ್ಧರಾಗಿರಬೇಕು. ಬಯಲಾಟವಾಗಲಿ, ಸಂಗೀತವಾಗಲಿ, ತೋಟದ ಕೆಲಸವಾಗಲಿ, ಎಲ್ಲಕ್ಕಿಂತ ಮಿಗಿಲಾಗಿ ದಿನಕ್ಕೆ ಅರ್ಧ ಗಂಟೆಯ ನಮ್ಮ ಮಾತುಕತೆಯಾಗಲಿ.