ಎಮರಿ ರೋಲರ್ ಮರುಲೇಪನ

ಎಮರಿ ರೋಲರ್ ಮರುಲೇಪನ ಎಂಬುದು ಬೇಳೆ ಗಿರಣಿಗಳಲ್ಲಿ (ದಾಲ್ ಮಿಲ್) ಕಾಳಿನ ಸಿಪ್ಪೆ ತೆಗೆಯಲು ಬಳಸುವ ಉರುಳೆಗಳ ಸವೆದ ಮೇಲ್ಮೈಗೆ ಮತ್ತೆ ಒರಟುತನವನ್ನು ತರುವ ಕ್ರಿಯೆಯಾಗಿದೆ. ತೊಗರಿ ಬೆಳೆಗೆ ಹೆಸರಾದ ಕಲಬುರಗಿ ನಗರದ ಗಿರಣಿಗಳಲ್ಲಿ ಇದು ನಿರ್ವಹಣೆಯ ಮುಖ್ಯ ಭಾಗ. ಉರುಳೆಯ ಒರಟುತನ ಕಡಿಮೆಯಾದರೆ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ. ಅತಿಯಾದರೆ ಸಿಪ್ಪೆಯೊಂದಿಗೆ ಬೇಳೆಯೂ ಪುಡಿಯಾಗುತ್ತದೆ. ಆದ್ದರಿಂದ ದೊರೆಯುವ ಬೇಳೆಯ ಪ್ರಮಾಣವು ಈ ಮೇಲ್ಮೈಯ ಸ್ಥಿತಿಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಹಿನ್ನೆಲೆ

ಕಲಬುರಗಿ ಜಿಲ್ಲೆಯನ್ನು 'ತೊಗರಿಯ ಕಣಜ' ಎಂದು ಕರೆಯಲಾಗುತ್ತದೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕೆಂಪು ಬಾಳೆಗೆ ಪ್ರಸಿದ್ಧವಾದ ಕಮಲಾಪುರವೂ ಸೇರಿದಂತೆ ಸುತ್ತಲಿನ ತಾಲೂಕುಗಳಲ್ಲಿ ತೊಗರಿಯನ್ನು ಮುಂಗಾರಿನಲ್ಲಿ ಬಿತ್ತಿ, ಸಾಮಾನ್ಯವಾಗಿ ಡಿಸೆಂಬರ್–ಜನವರಿಯ ವೇಳೆಗೆ ಕೊಯ್ಯುತ್ತಾರೆ.

ಗಿರಣಿಗಳು ಬರುವ ಮೊದಲು ತೊಗರಿಯನ್ನು ಮನೆಯ ಬೀಸುಕಲ್ಲಿನಲ್ಲಿ ಒಡೆಯಲಾಗುತ್ತಿತ್ತು. ಕಲ್ಲು ನುಣುಪಾದಾಗ ಕಲ್ಲುಕುಟಿಗರು ಉಳಿ ಮತ್ತು ಸುತ್ತಿಗೆಯಿಂದ ಅದರ ಮೈಮೇಲೆ ಸಣ್ಣ ಗುಳಿಗಳನ್ನು ಹೊಡೆದುಕೊಡುತ್ತಿದ್ದರು. ಉರುಳೆಯ ಮರುಲೇಪನದ ಉದ್ದೇಶವೂ ಇದೇ ಆಗಿದೆ. ಆದರೆ ಬೀಸುಕಲ್ಲಿನಲ್ಲಿ ಕಲ್ಲನ್ನೇ ಕೆತ್ತಲಾಗುತ್ತದೆ. ಉರುಳೆಯಲ್ಲಿ ಸವೆದ ಪದರದ ಬದಲಿಗೆ ಹೊಸ ಪದರವನ್ನು ಕೂರಿಸಲಾಗುತ್ತದೆ.

ಉರುಳೆಯ ರಚನೆ ಮತ್ತು ಕಾರ್ಯ

ಉರುಳೆಯು ಲೋಹದ ಸಿಲಿಂಡರ್ ಆಗಿದ್ದು, ಅದರ ಮೇಲೆ ಗಟ್ಟಿಯಾದ ಹರಳುಗಳ ಪದರವಿರುತ್ತದೆ. ಹರಳುಗಳಿಗೆ ನೈಸರ್ಗಿಕ ಎಮರಿ (ಕುರುಂದ ಮತ್ತು ಮ್ಯಾಗ್ನಟೈಟ್ ಖನಿಜಗಳ ಮಿಶ್ರಣ) ಅಥವಾ ಕಾರ್ಬೊರಂಡಮ್ (ಸಿಲಿಕಾನ್ ಕಾರ್ಬೈಡ್) ಬಳಸುತ್ತಾರೆ. ಕಾರ್ಬೊರಂಡಮ್ ತಯಾರಿಕೆಗೆ ಅಮೆರಿಕದ ಎಡ್ವರ್ಡ್ ಅಚೆಸನ್ 1893ರಲ್ಲಿ ಪೇಟೆಂಟ್ ಪಡೆದನು. ಮೋಹ್ಸ್ ಮಾಪಕದಲ್ಲಿ ಇದರ ಗಡಸುತನ 9ಕ್ಕಿಂತ ಹೆಚ್ಚು.

ತೂತುಗಳುಳ್ಳ ತಗಡಿನ ಅಥವಾ ಜಾಲರಿಯ ಪಂಜರದೊಳಗೆ ಉರುಳೆ ತಿರುಗುತ್ತದೆ. ಎರಡರ ನಡುವಿನ ಕಿರಿದಾದ ಅಂತರದಲ್ಲಿ ಕಾಳು ಸಾಗುವಾಗ ಹರಳಿನ ಅಂಚುಗಳು ಸಿಪ್ಪೆಯನ್ನು ಗೀರುತ್ತವೆ. ತೊಗರಿಯಲ್ಲಿ ಸಿಪ್ಪೆ ಮತ್ತು ಬೇಳೆಯ ನಡುವೆ ಅಂಟಿನ ಪದರವಿರುವುದರಿಂದ ಸಿಪ್ಪೆ ಒಮ್ಮೆಲೇ ಕಳಚುವುದಿಲ್ಲ. ಮೊದಲು ಕಾಳನ್ನು ಗೀರಿ, ಅಲ್ಪ ಪ್ರಮಾಣದ ಎಣ್ಣೆ ಸವರಿ, ಕೆಲವು ದಿನ ಬಿಸಿಲಿನಲ್ಲಿ ಒಣಗಿಸಿ, ನೀರು ಚಿಮುಕಿಸಿ ಹದಗೊಳಿಸಿದ ನಂತರ ಮತ್ತೆ ಉರುಳೆಗೆ ಹಾಕುತ್ತಾರೆ. ಮೊದಲ ಗೀರು ಸರಿಯಾಗಿ ಬೀಳದಿದ್ದರೆ ಎಣ್ಣೆ ಒಳಗಿಳಿಯದೆ ಮುಂದಿನ ಹಂತಗಳೆಲ್ಲ ಕುಂಠಿತವಾಗುತ್ತವೆ.

ಸವೆತದ ವಿಧಗಳು

ಒರಟುತನ ಕುಂದುವುದಕ್ಕೆ ಮೂರು ಕಾರಣಗಳಿವೆ. ಪ್ರತಿಯೊಂದಕ್ಕೂ ಪರಿಹಾರ ಬೇರೆ.

1. ಮೆತ್ತಿಕೊಳ್ಳುವಿಕೆ: ಎಣ್ಣೆ, ಅಂಟು ಮತ್ತು ಪುಡಿ ಸೇರಿ ಹರಳುಗಳ ನಡುವಿನ ಸಂದುಗಳನ್ನು ಮುಚ್ಚುತ್ತವೆ. ಹರಳು ಇನ್ನೂ ಹರಿತವಾಗಿರುವುದರಿಂದ ಗಟ್ಟಿ ಬ್ರಷ್‌ನಿಂದ ಒಣಗಿದ್ದಂತೆಯೇ ಉಜ್ಜಿ ತೆಗೆದರೆ ಸಾಕು.
2. ನುಣುಪಾಗುವಿಕೆ: ಹರಳುಗಳ ಅಂಚು ಮೊಂಡಾಗಿ ಮೇಲ್ಮೈ ಹೊಳೆಯುತ್ತದೆ. ವಜ್ರದ ಮೊನೆಯುಳ್ಳ ಉಪಕರಣದಿಂದ ತೆಳುವಾಗಿ ಹೆರೆದು ಒಳಗಿನ ಹೊಸ ಹರಳುಗಳನ್ನು ಹೊರತರಬೇಕಾಗುತ್ತದೆ.
3. ಪದರ ನಾಶ: ಹರಳುಗಳು ಉದುರಿ ಪದರ ತೆಳುವಾಗುತ್ತದೆ, ಕುಳಿ ಬೀಳುತ್ತದೆ ಅಥವಾ ಒಂದು ಕಡೆ ಹೆಚ್ಚು ಸವೆಯುತ್ತದೆ. ಇಂಥ ಉರುಳೆಗೆ ಮರುಲೇಪನವೇ ದಾರಿ.

ಸವೆದ ಉರುಳೆಯನ್ನು ಬದಲಿಸದೆ ಅಂತರವನ್ನು ಕಿರಿದುಗೊಳಿಸಿ ಅಥವಾ ಅದೇ ಕಾಳನ್ನು ಹೆಚ್ಚು ಬಾರಿ ಹಾಯಿಸಿ ಕೆಲಸ ಸಾಗಿಸುವುದುಂಟು. ಇದರಿಂದ ಸಿಪ್ಪೆ ಬಿಟ್ಟರೂ ಕಾಳು ಒತ್ತಡಕ್ಕೆ ಸಿಕ್ಕಿ ನುಚ್ಚು ಮತ್ತು ಪುಡಿ ಹೆಚ್ಚುತ್ತವೆ.

ಮರುಲೇಪನದ ವಿಧಾನ

ಹಳೆಯ ಪದರವನ್ನು ಪೂರ್ತಿಯಾಗಿ ಒಡೆದು ತೆಗೆದು, ಲೋಹದ ಮೇಲಿನ ತುಕ್ಕು ಮತ್ತು ಜಿಡ್ಡನ್ನು ಸ್ವಚ್ಛಗೊಳಿಸಲಾಗುತ್ತದೆ. ನಂತರ ದಪ್ಪ ಮತ್ತು ಸಣ್ಣ ಹರಳುಗಳನ್ನು ಸುಟ್ಟ ಮ್ಯಾಗ್ನಸೈಟ್ ಪುಡಿಯೊಂದಿಗೆ ಒಣಗಿದ್ದಾಗಲೇ ಬೆರೆಸಿ, ಮ್ಯಾಗ್ನೀಸಿಯಂ ಕ್ಲೋರೈಡ್ ದ್ರಾವಣದಿಂದ ಗಟ್ಟಿಯಾಗಿ ಕಲಸುತ್ತಾರೆ. ಹರಳಿನ ಗಾತ್ರವನ್ನು ಜರಡಿಯ ಸಂಖ್ಯೆಯಿಂದ ಗುರುತಿಸಲಾಗುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಹರಳು ದಪ್ಪ. ಮಿಶ್ರಣವನ್ನು ಉರುಳೆಯ ಸುತ್ತ ಸಂದಿಲ್ಲದಂತೆ ಬಡಿದು ಕೂರಿಸಿ ಗಟ್ಟಿಯಾಗಲು ಬಿಡುತ್ತಾರೆ.

ಹೀಗೆ ಉಂಟಾಗುವ ಬಂಧಕಕ್ಕೆ ಸೊರೆಲ್ ಸಿಮೆಂಟ್ ಎಂದು ಹೆಸರು. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1867ರಲ್ಲಿ ಇದನ್ನು ಪ್ರಕಟಪಡಿಸಿದನು. ಇದಕ್ಕೆ ಬೇಕಾದ ಮ್ಯಾಗ್ನಸೈಟ್ ಖನಿಜದ ನಿಕ್ಷೇಪಗಳಿಗೆ ತಮಿಳುನಾಡಿನ ಸೇಲಂ ಪ್ರಸಿದ್ಧವಾಗಿದೆ. ಸಾಮಾನ್ಯ ಸಿಮೆಂಟಿನಂತೆ ಇದಕ್ಕೆ ನೀರುಣಿಸಬಾರದು; ಇದು ಗಾಳಿಯಲ್ಲೇ ಬಲಗೊಳ್ಳುತ್ತದೆ. ತೇವಾಂಶ ಹೆಚ್ಚಿದರೆ ಬಂಧ ಸಡಿಲಗೊಂಡು, ಹೊರಬರುವ ಕ್ಲೋರೈಡ್‌ನಿಂದ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಉರುಳೆಯನ್ನು ನೀರಿನಿಂದ ತೊಳೆಯುವಂತಿಲ್ಲ. ನೀರು ಚಿಮುಕಿಸಿದ ಕಾಳನ್ನೂ ತೇವ ಆರಿದ ಬಳಿಕವೇ ಹಾಕಬೇಕಾಗುತ್ತದೆ.

ಪದರ ಬಲಗೊಂಡ ಮೇಲೆ ಉರುಳೆಯನ್ನು ತಿರುಗಿಸುತ್ತ ಮೇಲ್ಮೈಯನ್ನು ಸಮಗೊಳಿಸಿ, ತೂಕದ ಸಮತೋಲನವನ್ನು ಪರೀಕ್ಷಿಸಲಾಗುತ್ತದೆ. ಹೊಸ ಉರುಳೆಯಿಂದ ಸಡಿಲ ಹರಳುಗಳು ಉದುರುವುದರಿಂದ ಮೊದಲು ಹೊಟ್ಟನ್ನು ಹಾಯಿಸಿ, ಅದನ್ನು ಆಹಾರಕ್ಕಾಗಲಿ ಪಶು ಆಹಾರಕ್ಕಾಗಲಿ ಬಳಸದೆ ಎಸೆಯಬೇಕು. ಗಿರಣಿಯ ಆಯಸ್ಕಾಂತವು ಕಬ್ಬಿಣದ ಚೂರುಗಳನ್ನು ಹಿಡಿಯುತ್ತದೆಯೇ ಹೊರತು ಕಾರ್ಬೊರಂಡಮ್ ಹರಳನ್ನಲ್ಲ.

ಇಳುವರಿಯ ಮೇಲಿನ ಪರಿಣಾಮ

ತೊಗರಿ ಕಾಳಿನಲ್ಲಿ ಬೇಳೆಯ ಪಾಲು ಸುಮಾರು ಶೇ. 85. ಸಾಂಪ್ರದಾಯಿಕ ಗಿರಣಿಗಳಲ್ಲಿ ದೊರೆಯುವುದು ಸುಮಾರು ಶೇ. 70ರಿಂದ 75 ಮಾತ್ರ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ರೂಪಿಸಿದ, ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸುವ ವಿಧಾನದಲ್ಲಿ ಇದು ಶೇ. 80ರ ಆಸುಪಾಸಿಗೆ ಏರುತ್ತದೆ. ಈ ವ್ಯತ್ಯಾಸಕ್ಕೆ ಉರುಳೆಯೊಂದೇ ಕಾರಣವಲ್ಲ; ಕಾಳಿನ ತಳಿ, ಗಾತ್ರ ಮತ್ತು ಒಣಗಿಸುವ ಕ್ರಮವೂ ಕಾರಣ. ಆದರೂ 100 ಕ್ವಿಂಟಲ್ ತೊಗರಿಯಲ್ಲಿ ಶೇ. 1ರಷ್ಟು ನಷ್ಟವೆಂದರೆ ಒಂದು ಕ್ವಿಂಟಲ್ ಬೇಳೆ. ಅದು ಸಿಪ್ಪೆ ಮತ್ತು ನುಚ್ಚಿನೊಂದಿಗೆ ಪಶು ಆಹಾರವಾಗಿ ಬಹಳ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ.

ಕಾರ್ಮಿಕರ ಸುರಕ್ಷತೆ

ಹಳೆಯ ಪದರ ಒಡೆಯುವಾಗ ಮತ್ತು ಮೇಲ್ಮೈ ಹೆರೆಯುವಾಗ ಸೂಕ್ಷ್ಮ ದೂಳು ಏಳುತ್ತದೆ. ಬಂಧಕವು ನೀರನ್ನು ತಾಳದ ಕಾರಣ ನೀರು ಹಾಯಿಸಿ ದೂಳನ್ನು ಅಡಗಿಸಲಾಗುವುದಿಲ್ಲ. ಆದ್ದರಿಂದ ದೂಳು ಹೀರುವ ವ್ಯವಸ್ಥೆ, ಸೂಕ್ತ ಮುಖಗವಸು ಮತ್ತು ಕನ್ನಡಕ ಅಗತ್ಯ. ಮ್ಯಾಗ್ನೀಸಿಯಂ ಕ್ಲೋರೈಡ್ ದ್ರಾವಣವು ಚರ್ಮವನ್ನು ಕೆರಳಿಸಬಹುದಾದ್ದರಿಂದ ಕೈಗವಸನ್ನೂ ಧರಿಸಬೇಕು.