ಮಧುಮೇಹ ಮತ್ತು ಮುಪ್ಪಿನ ಕಣ್ಣು

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂತಹ ಊರುಗಳಲ್ಲಿಯೂ ಇಂದು ಮಧುಮೇಹವು ಅಪರೂಪದ ರೋಗವಲ್ಲ. ಈ ರೋಗವುಳ್ಳ ವೃದ್ಧರು ದೃಷ್ಟಿ ಮಂಜಾದೊಡನೆ ಔಷಧದ ಅಂಗಡಿಯಲ್ಲಿ ‘ಕಣ್ಣಿನ ಶಕ್ತಿಯ ಮಾತ್ರೆ’ಯನ್ನು ಕೇಳುವುದುಂಟು. ಅದರಿಂದ ಅವರ ಕಣ್ಣು ಉಳಿಯುವುದೇ?

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುವಾದ ಪೊರೆಯಿದೆ. ರಕ್ತದಲ್ಲಿ ಸಕ್ಕರೆಯ ಅಂಶವು ಬಹುಕಾಲ ಏರಿದ್ದರೆ, ಈ ಪೊರೆಗೆ ರಕ್ತವನ್ನೊದಗಿಸುವ ಅತಿ ಸೂಕ್ಷ್ಮವಾದ ನಾಳಗಳು ಶಿಥಿಲಗೊಂಡು ಒಸರತೊಡಗುತ್ತವೆ. ನೋವಿಲ್ಲ, ಮೊದಮೊದಲು ದೃಷ್ಟಿಯೂ ಕುಂದುವುದಿಲ್ಲ. ಈ ರೋಗದ ಕಪಟವಿರುವುದು ಇಲ್ಲಿಯೇ.

ಮಾತ್ರೆಗಳ ಕೀರ್ತಿಗೆ ಕಾರಣವೇ ಬೇರೆ. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ದೀರ್ಘ ಪರೀಕ್ಷೆಯೊಂದರಲ್ಲಿ ಸಿ ಮತ್ತು ಇ ಜೀವಸತ್ವಗಳು, ಬೀಟಾ ಕ್ಯಾರೊಟಿನ್ ಹಾಗೂ ಸತು ಕೂಡಿದ ಮಾತ್ರೆಯು, ಮುಪ್ಪಿನಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ರೋಗವು ಉಲ್ಬಣಿಸುವ ಸಂಭವವನ್ನು ಕೆಲವರಲ್ಲಿ ತಗ್ಗಿಸಿತು. ಮಧುಮೇಹದ ಹಾನಿಗೂ ಅದಕ್ಕೂ ಸಂಬಂಧವಿಲ್ಲ. ಧೂಮಪಾನಿಗಳಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆಯು ಶ್ವಾಸಕೋಶದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವುದರಿಂದ, 2013ರ ಪರೀಕ್ಷೆಯ ಬಳಿಕ ಅದರ ಸ್ಥಾನಕ್ಕೆ ಲ್ಯೂಟೀನ್ ಬಂದಿತು. ನುಗ್ಗೆಸೊಪ್ಪನ್ನು ಉಣ್ಣುವವರು ಹೆಸರರಿಯದೆಯೇ ಲ್ಯೂಟೀನನ್ನು ಉಣ್ಣುತ್ತಿದ್ದಾರೆ!

ಮಧುಮೇಹಿಗಳ ಕಣ್ಣನ್ನು ಕಾಯುವುದು ಸಕ್ಕರೆ ಹಾಗೂ ರಕ್ತದೊತ್ತಡಗಳ ಹತೋಟಿ ಮತ್ತು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆ. ವೈದ್ಯರು ಹನಿಮದ್ದಿನಿಂದ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ನೋಡುತ್ತಾರೆ. ಸಕಾಲದಲ್ಲಿ ಕಂಡ ಹಾನಿಯನ್ನು ಲೇಸರ್ ಕಿರಣಗಳಿಂದ ತಡೆಯಬಹುದು. ಕಳೆದುಹೋದ ದೃಷ್ಟಿಯು ಬಹುಮಟ್ಟಿಗೆ ಮರಳದು. ಹನಿಮದ್ದಿನಿಂದ ಕೆಲವು ಗಂಟೆಗಳ ಕಾಲ ನೋಟವು ಮಂಜಾಗುವುದರಿಂದ, ಅಂದು ವೃದ್ಧರೊಡನೆ ಮನೆಯವರೊಬ್ಬರು ಹೋಗಬೇಕಾಗುತ್ತದೆ.