ಮದ್ದಿಗಾಗಿ ಸಾಲ ಮಾಡಿದ ರಾಜ್ಯ

ನಡುರಾತ್ರಿ. ಮನೆಯವರೆಲ್ಲ ಮಲಗಿದ್ದಾರೆ. ತಾಯಿಯೊಬ್ಬಳು ಮಾತ್ರ ಎದ್ದು, ನಿದ್ರಿಸುತ್ತಿರುವ ಮಗುವಿನ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ಅದರಲ್ಲಿ ಸಕ್ಕರೆ ಎಷ್ಟಿದೆಯೆಂದು ನೋಡುತ್ತಾಳೆ. ಏರಿದ್ದರೆ ಇನ್ಸುಲಿನ್ ಕೊಡಬೇಕು. ತೀರ ಇಳಿದಿದ್ದರೆ ಮಗುವನ್ನೆಬ್ಬಿಸಿ ಸಕ್ಕರೆ ನೀರು ಕುಡಿಸಬೇಕು. ನೋಡದೆ ಮಲಗಿಬಿಟ್ಟರೆ ಮಗು ಬೆಳಗ್ಗೆ ಏಳುವುದೋ ಇಲ್ಲವೋ ಎಂಬ ಭಯ ಆಕೆಯದು. ಒಂದನೆಯ ಬಗೆಯ ಮಧುಮೇಹವಿರುವ ಮಕ್ಕಳ ಎಷ್ಟೋ ಮನೆಗಳಲ್ಲಿ, ಯಾವ ದೇಶವೇ ಆಗಲಿ, ರಾತ್ರಿಗಳು ಹೀಗೆಯೇ ಕಳೆಯುತ್ತವೆ.

ನಡುವಯಸ್ಸಿನವರನ್ನು ಸಾಮಾನ್ಯವಾಗಿ ಕಾಡುವ ಸಕ್ಕರೆ ಕಾಯಿಲೆ ಇದಲ್ಲ. ಮಿಠಾಯಿ ತಿಂದುದರ ಫಲವೂ ಅಲ್ಲ. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕಣಗಳಿವೆ. ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಈ ಕಣಗಳನ್ನು ಶತ್ರುಗಳೆಂದು ಬಗೆದು ಕೊಲ್ಲತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ರೋಗದ ಈ ಸ್ವರೂಪಕ್ಕೆ ಗಟ್ಟಿಯಾದ ಪುರಾವೆ ದೊರೆತುದು 1974ರಲ್ಲಿ. ಆ ಕಣಗಳ ವಿರುದ್ಧ ದೇಹವೇ ಹುಟ್ಟಿಸಿಕೊಂಡ ಪ್ರತಿಕಾಯಗಳನ್ನು ಲಂಡನ್ನಿನ ವೈದ್ಯರು ರೋಗಿಗಳ ರಕ್ತದಲ್ಲಿ ಕಂಡರು.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊತ್ತಮೊದಲು ಇನ್ಸುಲಿನ್ ಚುಚ್ಚಲಾಯಿತು. ಅಲ್ಲಿಯವರೆಗೆ ಈ ರೋಗವೆಂದರೆ ಮರಣವೇ. ಅಂದಿನಿಂದ ಕೋಟ್ಯಂತರ ಜೀವಗಳನ್ನು ಇನ್ಸುಲಿನ್ ಉಳಿಸಿದೆ. ಆದರೆ ಅದು ಊರುಗೋಲು ಮಾತ್ರ. ಕಳೆದುಹೋದ ಕಾಲನ್ನು ಅದು ಮರಳಿಸಲಾರದು.

ಒಬ್ಬ ತಂದೆಯ ಲೆಕ್ಕಾಚಾರ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ರಾಬರ್ಟ್ ಕ್ಲೈನ್ ಎಂಬ ವಕೀಲರಿದ್ದರು. ವಸತಿ ನಿರ್ಮಾಣ ಮತ್ತು ಅದಕ್ಕೆ ಬೇಕಾದ ಸಾಲದ ವ್ಯವಹಾರದಲ್ಲಿ ನುರಿತವರು. ಅವರ ಮಗನಿಗೆ ಈ ರೋಗ ತಗುಲಿತು. ತಾಯಿಗೆ ಮರೆವಿನ ಕಾಯಿಲೆ. ವಿಜ್ಞಾನಿಗಳ ಬಳಿ ಆಶೆಯೊಂದಿತ್ತು. ದೇಹದ ಯಾವ ಬಗೆಯ ಕಣವಾಗಿಯಾದರೂ ಬೆಳೆಯಬಲ್ಲ ಭ್ರೂಣದ ಮೂಲಕಣಗಳನ್ನು 1998ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಬೇರ್ಪಡಿಸಲಾಗಿತ್ತು. ಅವುಗಳಿಂದ ಬೀಟಾ ಕಣಗಳನ್ನೇ ಬೆಳೆಸಿ ರೋಗಿಗೆ ನೆಡಬಹುದಲ್ಲವೆ?

ಆದರೆ ಮಾನವ ಭ್ರೂಣವನ್ನು ಬಳಸುವುದು ಧರ್ಮವೆ ಎಂಬ ಪ್ರಶ್ನೆ ಎದ್ದಿತು. 2001ರ ಆಗಸ್ಟಿನಲ್ಲಿ ಅಧ್ಯಕ್ಷ ಬುಷ್ ಅವರು, ಅಂದಿಗೆ ಇದ್ದ ಕೆಲವೇ ಕಣಸಂತತಿಗಳನ್ನು ಬಿಟ್ಟು ಹೊಸದಾಗಿ ಪಡೆಯುವ ಯಾವುದರ ಮೇಲಿನ ಸಂಶೋಧನೆಗೂ ಕೇಂದ್ರದ ಹಣವಿಲ್ಲವೆಂದು ಸಾರಿದರು.

ಕೇಂದ್ರ ಕೊಡದಿದ್ದರೆ ರಾಜ್ಯ ಕೊಡಲಿ, ಎಂದರು ಕ್ಲೈನ್. ಸಾಕಷ್ಟು ಸಹಿಗಳನ್ನು ಕೂಡಿಸಿದರೆ ಮಸೂದೆಯೊಂದನ್ನು ನೇರವಾಗಿ ಮತದಾರರ ಮುಂದಿಡುವ ಹಕ್ಕು ಕ್ಯಾಲಿಫೋರ್ನಿಯದ ನಾಗರಿಕರಿಗಿದೆ. ಹೀಗೆ ಹುಟ್ಟಿದುದು 71ನೆಯ ಪ್ರಸ್ತಾಪ. ರಾಜ್ಯವು ಸಾಲಪತ್ರಗಳನ್ನು ಮಾರಿ ಹತ್ತು ವರ್ಷಗಳಲ್ಲಿ 300 ಕೋಟಿ ಡಾಲರುಗಳನ್ನು ಸಂಶೋಧನೆಗೆ ಒದಗಿಸಬೇಕು; ಬಡ್ಡಿಯೂ ಸೇರಿ ಸುಮಾರು 600 ಕೋಟಿಯನ್ನು ಮೂವತ್ತು ವರ್ಷಗಳಲ್ಲಿ ತೀರಿಸಬೇಕು. ಸೇತುವೆಗಾಗಿ, ಅಣೆಕಟ್ಟಿಗಾಗಿ ಸರಕಾರಗಳು ಸಾಲ ಮಾಡುವುದುಂಟು. ಇನ್ನೂ ಕಾಣದ ಮದ್ದಿಗಾಗಿ ಸಾಲವೆ? ಫಲ ಮುಂದಿನ ತಲೆಮಾರಿಗೂ ದೊರೆಯುವುದಾದರೆ ಹೊರೆಯನ್ನೂ ಹಂಚಿಕೊಳ್ಳಬಹುದೆಂಬುದು ಈ ಯೋಜನೆಯ ತರ್ಕ. 2004ರ ನವೆಂಬರ್ 2ರಂದು ನೂರಕ್ಕೆ 59ರಷ್ಟು ಮತದಾರರು ಒಪ್ಪಿಗೆಯಿತ್ತರು.

ವಿರೋಧಿಗಳು ನ್ಯಾಯಾಲಯಕ್ಕೆ ಹೋದರು. 2007ರವರೆಗೆ ಸಾಲಪತ್ರಗಳನ್ನು ಮಾರುವಂತಿರಲಿಲ್ಲ. ಆ ನಡುವೆ, 2006ರಲ್ಲಿ, ರಾಜ್ಯಪಾಲ ಶ್ವಾರ್ಜನೆಗರ್ ಅವರು ಸರಕಾರದಿಂದ 15 ಕೋಟಿ ಡಾಲರುಗಳ ಕೈಗಡ ಕೊಡಿಸಿ ಕೆಲಸವನ್ನು ಆರಂಭಿಸಿದರು.

ಚರ್ಮದಡಿಯ ಪೊಟ್ಟಣ

ಈ ನಿಧಿಯಿಂದ ಸುಮಾರು 7 ಕೋಟಿ ಡಾಲರುಗಳ ನೆರವು ಸ್ಯಾನ್ ಡಿಯೇಗೊ ನಗರದ ವಯಾಸೈಟ್ ಎಂಬ ಸಂಸ್ಥೆಗೆ ದೊರೆಯಿತು. ಅದರ ಯುಕ್ತಿ ಸರಳವಾದುದು. ಮೂಲಕಣಗಳಿಂದ ಬೆಳೆಸಿದ ಎಳೆಯ ಕಣಗಳನ್ನು ಚಪ್ಪಟೆಯಾದ ಚಿಕ್ಕ ಪೊಟ್ಟಣದಲ್ಲಿ ತುಂಬಿ ಚರ್ಮದಡಿ ಇಡುವುದು. ಪೊಟ್ಟಣದ ಪೊರೆ ಸೂಕ್ಷ್ಮವಾದ ಜರಡಿಯಂತೆ: ಪ್ರಾಣವಾಯು, ಆಹಾರ, ಇನ್ಸುಲಿನ್ ಇವು ದಾಟಬಲ್ಲವು, ದೇಹದ ರಕ್ಷಣಾ ಕಣಗಳು ದಾಟಲಾರವು. 2014ರಲ್ಲಿ ಮೊದಲ ರೋಗಿಗೆ ಇದನ್ನು ಅಳವಡಿಸಿದರು. ಮೂಲಕಣಗಳಿಂದ ಪಡೆದ ಇನ್ಸುಲಿನ್ ಕಣಗಳನ್ನು ಮನುಷ್ಯರಲ್ಲಿ ಪರೀಕ್ಷಿಸಿದುದು ಅದೇ ಮೊದಲು.

ಫಲ? ದೇಹವು ಪೊಟ್ಟಣವನ್ನು ಪರಕೀಯ ವಸ್ತುವೆಂದು ಕಂಡು ಅದರ ಸುತ್ತ ಗಾಯದ ಕಲೆಯಂತಹ ಪದರವನ್ನು ಹೆಣೆಯಿತು. ಪ್ರಾಣವಾಯು ಸಿಗದೆ ಬಹುಪಾಲು ಕಣಗಳು ಸತ್ತವು. ರಕ್ತನಾಳಗಳು ಒಳಹೊಗುವಂತೆ ರಂಧ್ರಗಳುಳ್ಳ ಇನ್ನೊಂದು ಪೊಟ್ಟಣವನ್ನು 2017ರಿಂದ ಪರೀಕ್ಷಿಸಿದರು. ಈ ಬಾರಿ ಕಣಗಳು ಬದುಕಿದವು. 2021ರಲ್ಲಿ ಪ್ರಕಟವಾದ ವರದಿಗಳಂತೆ, ಕೆಲವು ರೋಗಿಗಳಲ್ಲಿ ಊಟದ ತರುವಾಯ ಇನ್ಸುಲಿನ್ ಒಸರಿದುದೂ ಕಂಡಿತು. ಆದರೆ ಚುಚ್ಚುಮದ್ದನ್ನು ಬಿಡುವಷ್ಟಲ್ಲ. 2022ರಲ್ಲಿ ಬಾಸ್ಟನ್ ನಗರದ ವರ್ಟೆಕ್ಸ್ ಎಂಬ ಔಷಧ ಸಂಸ್ಥೆಯು ವಯಾಸೈಟನ್ನು 32 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು.

ಆ ವರ್ಟೆಕ್ಸ್ ಆಗಲೇ ಬೇರೊಂದು ದಾರಿಯಲ್ಲಿ ನಡೆದಿತ್ತು. ಆ ದಾರಿ ತೋರಿದವರೂ ಒಬ್ಬ ತಂದೆಯೇ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಗ್ಲಸ್ ಮೆಲ್ಟನ್ ಅವರ ಮಗ ಮಗಳು ಇಬ್ಬರಿಗೂ ಇದೇ ರೋಗ. ಕಪ್ಪೆಗಳ ಬೆಳವಣಿಗೆಯನ್ನು ಅಭ್ಯಸಿಸುತ್ತಿದ್ದ ಅವರು ತಮ್ಮ ಶೋಧದ ದಿಕ್ಕನ್ನೇ ಬದಲಿಸಿದ್ದರು. ಅವರ ಕೆಲಸದಿಂದ ಬೆಳೆದ ಚಿಕಿತ್ಸೆಯಲ್ಲಿ ಪೊಟ್ಟಣವಿಲ್ಲ. ಕಣಗಳನ್ನು ಯಕೃತ್ತಿನ ರಕ್ತನಾಳಕ್ಕೆ ಹರಿಸುತ್ತಾರೆ. 2025ರ ಜೂನಿನಲ್ಲಿ ಫಲಿತಾಂಶ ಪ್ರಕಟವಾಯಿತು. ಪೂರ್ಣ ಪ್ರಮಾಣ ಪಡೆದು ಒಂದು ವರ್ಷ ಕಳೆದ 12 ಮಂದಿಯಲ್ಲಿ 10 ಮಂದಿಗೆ ಇನ್ಸುಲಿನ್ನಿನ ಅಗತ್ಯವೇ ಉಳಿದಿರಲಿಲ್ಲ.

ಇಲ್ಲಿಯೂ ಒಂದು ತೊಡಕುಂಟು. ದೇಹವು ಹೊಸ ಕಣಗಳನ್ನು ಕೊಲ್ಲದಂತೆ ರಕ್ಷಣಾ ಶಕ್ತಿಯನ್ನೇ ಕುಗ್ಗಿಸುವ ಔಷಧಗಳನ್ನು ಇವರು ಸೇವಿಸುತ್ತಲೇ ಇರಬೇಕು. ಸೋಂಕಿನ ಭಯ ಬೆನ್ನಿಗಿರುತ್ತದೆ. ಚಿಕ್ಕ ಮಕ್ಕಳಿಗೆ ಇಂತಹ ವಿನಿಮಯ ಸುಲಭವಲ್ಲ. ಬೇಲಿ ಮೇಯುವುದನ್ನು ನಿಲ್ಲಿಸುವ ಬಗೆ ಇನ್ನೂ ಕೈಗೆ ಸಿಕ್ಕಿಲ್ಲ.

ಕೊಟ್ಟುದೇನು, ಕೊಂಡುದೇನು?

ಹಾಗಾದರೆ ಕ್ಯಾಲಿಫೋರ್ನಿಯದ ಹಣ ವ್ಯರ್ಥವಾಯಿತೆ? ಅನೇಕರು ಹಾಗೆಂದೇ ಟೀಕಿಸಿದರು. 2004ರ ಪ್ರಚಾರದಲ್ಲಿ ಮದ್ದು ಇನ್ನೇನು ಬಾಗಿಲಲ್ಲಿದೆ ಎನ್ನುವಂತೆ ಆಶೆ ಹುಟ್ಟಿಸಿದುದು ತಪ್ಪೇ. ರೋಗಿಷ್ಠ ಮಗುವಿನ ತಂದೆತಾಯಿಯರಿಗೆ ಸುಳ್ಳು ಆಶೆಯಷ್ಟು ಕ್ರೂರವಾದುದು ಬೇರಿಲ್ಲ. ಗೆಲುವು ಬಂದುದೂ ಬೇರೆ ದಾರಿಯಿಂದ.

ಆದರೂ ಒಂದು ಮಾತು ಹೇಳಬೇಕು. ಪೊಟ್ಟಣ ಏಕೆ ಸೋತಿತೆಂಬುದು ಇಂದು ತಿಳಿದಿದೆ. ಅದನ್ನು ಮನುಷ್ಯರಲ್ಲಿ ಪರೀಕ್ಷಿಸದೆ ತಿಳಿಯುವಂತಿರಲಿಲ್ಲ. ಅಂತಹ ಕಣಗಳನ್ನು ರೋಗಿಗೆ ಕೊಡಬಹುದೆಂಬ ಮೊದಲ ಅನುಮತಿಯ ಬಾಗಿಲು ತೆರೆದುದು ಆ ಪರೀಕ್ಷೆಯಿಂದಲೇ. ಲಾಭದ ಭರವಸೆಯಿಲ್ಲದೆ ಖಾಸಗಿ ಹಣ ಹಿಂಜರಿಯುವ ಎಡೆಯಲ್ಲಿ, ಕೇಂದ್ರವೂ ಕೈಕಟ್ಟಿ ನಿಂತಿದ್ದ ಕಾಲದಲ್ಲಿ, ಒಂದು ರಾಜ್ಯವು ಸೋಲಿನ ಖರ್ಚನ್ನು ಹೊತ್ತಿತು. 2009ರಲ್ಲಿ ಅಧ್ಯಕ್ಷ ಒಬಾಮ ಅವರು ನಿರ್ಬಂಧವನ್ನು ಸಡಿಲಿಸಿದರು. ರಾಜ್ಯದ ಮೊದಲ ನಿಧಿ ಮುಗಿಯುತ್ತ ಬಂದಾಗ, 2020ರಲ್ಲಿ, ಇನ್ನೂ 550 ಕೋಟಿ ಡಾಲರುಗಳ ಸಾಲಕ್ಕೆ ಮತದಾರರು ಒಪ್ಪಿದರು. ಈ ಸಲ ನೂರಕ್ಕೆ 51 ಮಂದಿ ಮಾತ್ರ. ಆಶೆ ಉಳಿದಿತ್ತು, ಅದರೊಂದಿಗೆ ಎಚ್ಚರವೂ ಬೆಳೆದಿತ್ತು.

2004ರಲ್ಲಿ ಮತ ಹಾಕಿದವರ ಮನೆಯ ಮಕ್ಕಳು ಇಂದು ದುಡಿಯುವ ವಯಸ್ಸಿನವರು. ಆ ಸಾಲದ ಕಂತನ್ನು ತೆರಿಗೆಯ ರೂಪದಲ್ಲಿ ಈಗ ಅವರೇ ಕಟ್ಟುತ್ತಿದ್ದಾರೆ. ಅವರಲ್ಲಿ ರೋಗವುಳ್ಳವರ ಕೈಯಲ್ಲಿ ಇನ್ಸುಲಿನ್ ಇನ್ನೂ ಇದೆ. ಆದರೆ ಅದಿಲ್ಲದೆ ದಿನ ಕಳೆಯಬಲ್ಲ ಹತ್ತು ಮಂದಿ ಇದ್ದಾರೆಂಬ ಸುದ್ದಿ ಅವರ ತಂದೆತಾಯಿಯರ ಕಾಲದಲ್ಲಿ ಇರಲಿಲ್ಲ. ಇವರ ಕಾಲದಲ್ಲಿ ಇದೆ.